ಖಾಲಿ ಕೋಣೆಯ ನಂಬರು

ಖಾಲಿ ಕೋಣೆ ದಿನಾ ಇಪ್ಪತ್ತು ನಿಮಿಷ ಮಾತಾಡುತ್ತದೆಯೇ ಎಂದು ಸೂಪರ್‌ವೈಸರು ಕೇಳಿದ್ದು ತಮಾಷೆಗೇ ಇರಬೇಕು, ಆದರೆ ಅವಳಿಗೆ ತಮಾಷೆ ಎನ್ನಿಸಲಿಲ್ಲ. ಒಂಬತ್ತೂವರೆಗೇ ಬಂದು ಅವರು ಅವಳ ಮೇಜಿನ ಮೇಲೆ ಒಂದು ಕಟ್ಟು ಹಾಳೆ ಇಟ್ಟಿದ್ದರು. ಕಳೆದ ಒಂದು ತಿಂಗಳಲ್ಲಿ ಹೊರಗಿನಿಂದ ಬಂದ ಕರೆಗಳ ದಾಖಲೆ ಅದು. ಯಾವ ನಂಬರಿಗೆ ಬಂತು, ಒಳಗೆ ಯಾವ ಎಕ್ಸ್‌ಟೆನ್ಷನ್‌ನಲ್ಲಿ ರಿಂಗಾಯಿತು, ಯಾರಾದರೂ ಎತ್ತಿದರೋ ಇಲ್ಲವೋ, ಎತ್ತಿದರೆ ಎಷ್ಟು ಹೊತ್ತು ಮಾತಾಡಿದರು, ಎಲ್ಲ ಸಾಲುಸಾಲಾಗಿ ಇತ್ತು. ಹಳೆಯ ಎಕ್ಸ್‌ಚೇಂಜಿಗೆ ಇಂಥ ಜ್ಞಾಪಕಶಕ್ತಿ ಇರಲಿಲ್ಲ. ಅದು ಬೆಳಿಗ್ಗೆ ಕೇಳಿದ್ದನ್ನು ಸಂಜೆಗೆ ಮರೆಯುತ್ತಿದ್ದ ಒಳ್ಳೆಯ ಮುದುಕನ ಹಾಗೆ ಇತ್ತು. ಮುನ್ನೂರ ನಲವತ್ತರ ಎದುರು ಸೂಪರ್‌ವೈಸರು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. "ನಿಮ್ಮ ಪಟ್ಟೀಲಿ ಇದು ಖಾಲಿ ಕೋಣೆ ಅಂತಿದೆ ಮೇಡಂ. ನೋಡಿ, ಹದಿನಾಲ್ಕು ನಿಮಿಷ, ಇಪ್ಪತ್ತೆರಡು ನಿಮಿಷ. ಖಾಲಿ ಕೋಣೆ ಮಾತಾಡತ್ತಾ?" ಯಾವುದೋ ರಾಂಗ್ ನಂಬರ್ ಇರಬೇಕು ಸಾರ್ ಎಂದಳು. "ರಾಂಗ್ ನಂಬರಿನವ್ರು ಇಷ್ಟು ಮಾತಾಡ್ತಾರಾ? ಸರಿಯಾದ ನಂಬರಿಗೆ ಮಾಡಿದ್ರೂ ನನ್ನ ಹೆಂಡ್ತಿ ಎರಡು ನಿಮಿಷಕ್ಕೆ ಇಟ್ಬಿಡ್ತಾಳೆ." ಹನ್ನೆರಡರೊಳಗೆ ಖುದ್ದು ಹೋಗಿ ನೋಡಿ ತಾಳೆಪಟ್ಟಿ ತುಂಬಿ ಕೊಡಿ, ಮೇಲಿನವರು ಕೇಳ್ತಿದ್ದಾರೆ ಎಂದು ಹೇಳಿ, ಗೋಡೆಯ ಗಡಿಯಾರ ನೋಡಿ, ತಮ್ಮ ಕೈಗಡಿಯಾರವನ್ನೂ ನೋಡಿ ಹೊರಟರು. ಗಡಿಯಾರ ಎಂದೇ ಎಲ್ಲರೂ ಅವರನ್ನು ಬೆನ್ನ ಹಿಂದೆ ಕರೆಯುತ್ತಿದ್ದರು.

ಅವಳನ್ನು ಮಾತ್ರ ಮುಖದ ಮುಂದೆಯೇ ಎಕ್ಸ್‌ಚೇಂಜಮ್ಮ ಎನ್ನುತ್ತಿದ್ದರು. ಮೆಟ್ಟಿಲಿನ ಅಡಿಯ ಈ ಕಿಟಕಿಯಿಲ್ಲದ ಕೋಣೆಗೆ ಅವಳು ಬಂದು ಇಪ್ಪತ್ತಾರು ವರ್ಷ. ಮೊದಲು ಮೂವರಿದ್ದರು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತು ಯಾರಿಗೆ ಯಾರು ಬೇಕೆಂದು ಕೇಳಿ ಕೇಳಿ ಜೋಡಿಸುತ್ತಿದ್ದರು. ಒಂಬತ್ತು ತಿಂಗಳ ಹಿಂದೆ ಹೊಸ ವ್ಯವಸ್ಥೆ ಬಂತು, ಇಬ್ಬರು ಹೋದರು, ಅವಳು ಉಳಿದಳು. ಈಗ ಕೇಳುವುದೇನಿಲ್ಲ, ಹೊಂದಿಸುವುದು ಮಾತ್ರ. ಕಂಪ್ಯೂಟರಿನ ಪರದೆಯ ಮೇಲೆ ಆರುನೂರ ಹನ್ನೆರಡು ಸಾಲು: ಎಡಗಡೆ ಹೊರಗಿನವರು ಒತ್ತುವ ಉದ್ದನೆಯ ನಂಬರು, ಬಲಗಡೆ ಒಳಗೆ ರಿಂಗಾಗಬೇಕಾದ ಮೂರಂಕಿಯ ಎಕ್ಸ್‌ಟೆನ್ಷನ್. ಎಡಕ್ಕೆ ಬಲ ತಪ್ಪಿದರೆ ಸಾಮಾನು ಸಾಗಿಸುವವನನ್ನು ಕೇಳಿದ ಕರೆ ಕಂಪನಿಯ ವೈದ್ಯರ ಮೇಜಿಗೆ ಹೋಗುತ್ತದೆ. ಅವಳ ಪಟ್ಟಿಯಲ್ಲಿ ತಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತು, ಅವಳಿಗೂ ಹೆಮ್ಮೆ. ಆರುನೂರ ಹನ್ನೊಂದು ಸಾಲುಗಳಲ್ಲಿ ತಪ್ಪಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವಳು, ಸೂಪರ್‌ವೈಸರು ಬಾಗಿಲು ದಾಟುವ ಮೊದಲೇ, ಆ ಒಂದು ಸಾಲನ್ನು ಪರದೆಯ ಮೇಲೆ ತಂದು ನೋಡಿದಳು. ಬದಲಾಗಿರಲಿಲ್ಲ. ತಾನೇ ಒಂಬತ್ತು ತಿಂಗಳ ಹಿಂದೆ ಹೇಗೆ ಬರೆದಿದ್ದಳೋ ಹಾಗೇ ಇತ್ತು. ಹೊರಗಿನ ನಂಬರಿಗೆ ಒಳಗೆ ಮುನ್ನೂರ ನಲವತ್ತು. ಮೂರನೆಯ ಮಹಡಿಯ ಕೊನೆ, ಹಳೆಯ ನಕ್ಷೆಗಳ ಉಗ್ರಾಣ, ಬೀಗ.

ಆ ನಂಬರು ಹೊರಗೆ ಒಬ್ಬಳಿಗೆ ಮಾತ್ರ ಗೊತ್ತಿತ್ತು. "ನಿಂಗೇ ಅಂತ ಬೇರೆ ನಂಬರ್ ಕೊಟ್ಟಿದಾರಂತೆ, ಹೇಳೇ, ಬರ್ಕೋತೀನಿ" ಎಂದು ಅಕ್ಕ ಕೇಳಿದ್ದು ಒಂದು ಭಾನುವಾರ. ಫೋನಿನ ಆ ತುದಿಯಲ್ಲಿ ಪೆನ್ನು ಹುಡುಕುವ ಸದ್ದು ಕೇಳಿತ್ತು, ಡಬ್ಬಿಯ ಮುಚ್ಚಳ ಬಿದ್ದು ಉರುಳಿದ ಸದ್ದು. ಅಷ್ಟು ಹೊತ್ತಿನಲ್ಲಿ ಅವಳು ಯೋಚಿಸಿದ್ದಳು. ತನ್ನ ನಿಜವಾದ ನಂಬರಿನ ಬದಲು ಪಟ್ಟಿಯಲ್ಲಿ ಯಾರಿಗೂ ಸೇರದೆ ಉಳಿದಿದ್ದ ಒಂದು ನಂಬರನ್ನು, ಒಂದೊಂದೇ ಅಂಕಿ, ನಿಧಾನವಾಗಿ ಹೇಳಿದ್ದಳು. ಅಕ್ಕ ತಿರುಗಿ ಓದಿ ಹೇಳಿದ್ದಳು. ಅವಳು ಹೌದು ಎಂದಿದ್ದಳು. ಮರುದಿನ ಆಫೀಸಿಗೆ ಬಂದು, ಯಾರೂ ಕೇಳದಿದ್ದರೂ, ಆ ನಂಬರನ್ನು ಖಾಲಿ ಕೋಣೆಯ ಫೋನಿಗೆ ಹೊಂದಿಸಿದ್ದಳು. ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂದರೆ ಅಕ್ಕ ಗಾಬರಿಯಾಗುತ್ತಾಳೆ; ಎಂಗೇಜ್ ಬಂದರೆ ಮತ್ತೆ ಮತ್ತೆ ಮಾಡುತ್ತಾಳೆ; ರಿಂಗಾಗಿ ಯಾರೂ ಎತ್ತದಿದ್ದರೆ ತಂಗಿಗೆ ಕೈತುಂಬ ಕೆಲಸ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಂದು ವಾರ ಬಿಟ್ಟು ಸರಿಮಾಡುತ್ತೇನೆ ಎಂದುಕೊಂಡಿದ್ದಳು. ಮೊಬೈಲುಗಳನ್ನು ಗೇಟಿನ ಪೆಟ್ಟಿಗೆಯಲ್ಲೇ ಇಟ್ಟು ಬರಬೇಕಾದ ಕಂಪನಿ ಇದು, ಹಗಲಿನಲ್ಲಿ ಅವಳನ್ನು ಹಿಡಿಯಲು ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಸಂಜೆ ಅಕ್ಕ ಮಾಡುತ್ತಿರಲಿಲ್ಲ, ಮನೆಯವರೆಲ್ಲ ಇರುವ ಹೊತ್ತು, ತೊಂದರೆ ಯಾಕೆ ಎಂದು.

ಯಾಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದ್ದರೆ ಅವಳು ಏನು ಹೇಳಬಹುದಿತ್ತು? ಅಮ್ಮ ಹೋದಾಗ ಅವಳಿಗೆ ಆರು, ಅಕ್ಕನಿಗೆ ಹದಿನಾರು. ಅಕ್ಕ ಶಾಲೆಯ ಸಮವಸ್ತ್ರಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ ಅವಳನ್ನು ಓದಿಸಿದಳು. ಅದನ್ನು ಅಕ್ಕ ಒಂದು ದಿನವೂ ಬಾಯಿಬಿಟ್ಟು ಆಡಿದವಳಲ್ಲ. ಆಡಿದ್ದರೆ ಸಿಟ್ಟು ಮಾಡಿಕೊಳ್ಳುವ ಹಕ್ಕಾದರೂ ಅವಳಿಗೆ ಸಿಗುತ್ತಿತ್ತು. ಅಕ್ಕ ಕೇಳುತ್ತಿದ್ದುದು ಒಂದೇ ಪ್ರಶ್ನೆ, ದಿನಾ ಹನ್ನೊಂದೂ ಹತ್ತಕ್ಕೆ, ತನ್ನ ಬಳಿ ಹೊಲಿಗೆ ಕಲಿಯುವವರ ಮೊದಲ ತಂಡ ಎದ್ದುಹೋದ ಮೇಲೆ: "ತಿಂಡಿ ತಿಂದ್ಯಾ?" ಮೂವರು ಕೂತಿದ್ದ ಕಾಲದಲ್ಲಿ ಹನ್ನೊಂದೂ ಹತ್ತರ ಕರೆ ಬಂದರೆ ಅಕ್ಕಪಕ್ಕದ ಇಬ್ಬರೂ ರಾಗವಾಗಿ "ತಿಂಡಿ ತಿಂದ್ಯಾ" ಎನ್ನುತ್ತಿದ್ದರು. ಒಮ್ಮೆ ಅಕ್ಕ ಕಳೆದುಹೋದ ಒಂದು ಸೂಜಿಯ ಕಥೆ ಹೇಳುತ್ತಿದ್ದಾಗ ಹಿರಿಯ ಅಧಿಕಾರಿಯ ಕರೆ ಕಾಯುತ್ತ ಉಳಿದುಬಿಟ್ಟಿತ್ತು. ಅವರು ತಾವೇ ಇಳಿದು ಬಂದು, ಬಾಗಿಲಲ್ಲಿ ನಿಂತು, "ಇದು ಹರಟೆಕಟ್ಟೆ ಅಲ್ಲಮ್ಮ" ಎಂದಿದ್ದರು. ಅವಳ ಕಿವಿಯಲ್ಲಿ ಆಗಲೂ ಅಕ್ಕನ ದನಿ ನಡೆದೇ ಇತ್ತು, ಸೂಜಿ ಕೊನೆಗೆ ತನ್ನ ತೋಳಿನಲ್ಲೇ ಚುಚ್ಚಿಕೊಂಡಿತ್ತಂತೆ, ಅಕ್ಕ ನಗುತ್ತಿದ್ದಳು. ಅವತ್ತು ಆದ ನಾಚಿಕೆ ಯಾರ ಬಗ್ಗೆ ಎಂದು ಅವಳು ಇವತ್ತಿಗೂ ಬಿಡಿಸಿ ನೋಡಿಕೊಂಡಿಲ್ಲ.

ದಾಖಲೆಯ ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ತಿಂಗಳ ಮೊದಲ ವಾರ ಪ್ರತಿದಿನ ಹನ್ನೊಂದೂ ಹತ್ತು, ನಲವತ್ತು ಸೆಕೆಂಡು ರಿಂಗು, ಎತ್ತಿಲ್ಲ. ಎತ್ತಿಲ್ಲ. ಎತ್ತಿಲ್ಲ. ಎರಡನೆಯ ವಾರದ ಸೋಮವಾರ, ಎತ್ತಿದ್ದಾರೆ, ಎರಡು ನಿಮಿಷ. ಮಂಗಳವಾರ ಹದಿನಾಲ್ಕು. ಆಮೇಲೆ ಇಪ್ಪತ್ತು, ಇಪ್ಪತ್ತೆರಡು. ಕಳೆದ ಬುಧವಾರದಿಂದ ಶನಿವಾರದವರೆಗೆ ಕರೆಯೇ ಇಲ್ಲ. ಈ ಸೋಮವಾರ ಆರು ನಿಮಿಷ, ನಿನ್ನೆ ಐದು. ಬೀಗ ಹಾಕಿದ ಕೋಣೆಯಲ್ಲಿ ಕೂತು ಯಾರು ಅಕ್ಕನ ಜೊತೆ ಮಾತಾಡುತ್ತಿದ್ದಾರೆ? ಏನು ಹೇಳಿರಬಹುದು ಅಕ್ಕ? ತಂಗಿಯ ಹೆಸರು ಹೇಳಿದ್ದರೆ? ಒಂಬತ್ತು ತಿಂಗಳು ಕಂಪನಿಯ ನಂಬರೊಂದನ್ನು ಸುಳ್ಳಿಗೆ ಕಟ್ಟಿಹಾಕಿದ್ದು ಬಯಲಾದರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು. ಹೆದರಿಕೆಯಲ್ಲೂ ಮೊದಲು ಹೆಸರಿನ ಚಿಂತೆ ಬಂತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ತಾಳೆಪಟ್ಟಿ, ಪೆನ್ನು ತೆಗೆದುಕೊಂಡು ಎದ್ದಳು. ಹತ್ತು ಗಂಟೆ ನಲವತ್ತು ನಿಮಿಷ.

ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿ ಎಲ್ಲಿಗೆ ಎಂದು ಕೇಳುವುದು ಬೇಡವೆಂದು ಮೆಟ್ಟಿಲು ಹತ್ತಿದಳು. ಮೊದಲ ತಿರುವಿನಲ್ಲಿ ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ, ಗೋಡೆ ಹಿಡಿದು ನಡೆದಳು. ಐದು ಭಾನುವಾರಗಳ ಹಿಂದೆ ಅಕ್ಕ ಅದು ಇದು ಮಾತಾಡಿ, ಇಡುವ ಮೊದಲು, "ಕಂಕುಳ ಕೆಳಗೆ ಒಂದು ಗಂಟು ಸಿಗ್ತಿದೆ ಕಣೇ" ಎಂದಿದ್ದಳು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಕೊಬ್ಬಿನ ಗಂಟಿರತ್ತೆ ಬಿಡು, ನಮ್ಮ ಸೂಪರ್‌ವೈಸರಿಗೂ ಇದೆ" ಎಂದಿದ್ದಳು. "ಇದ್ದೀತು" ಎಂದಿದ್ದಳು ಅಕ್ಕ. ಮುಂದಿನ ಭಾನುವಾರ ಅವಳು ಕೇಳಲಿಲ್ಲ. ಕೇಳಿದರೆ ಡಾಕ್ಟರು, ಡಾಕ್ಟರೆಂದರೆ ಓಡಾಟ, ಓಡಾಟವೆಂದರೆ ಅಕ್ಕ ಬಂದು ಎರಡು ಕೋಣೆಯ ಮನೆಯಲ್ಲಿ ಉಳಿಯುವುದು, ಗಂಡ ಏನೂ ಅನ್ನದೆ ಪೇಪರು ಓದುವುದು. ಇಷ್ಟೆಲ್ಲ ಲೆಕ್ಕ ಆ ಒಂದು ಪ್ರಶ್ನೆಯ ಹಿಂದೆ ಇತ್ತು, ಆದ್ದರಿಂದ ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಮೊನ್ನೆ ಭಾನುವಾರ ಅಕ್ಕನ ದನಿ ಕುಗ್ಗಿತ್ತು, ಶೀತ ಎಂದಳು. ಬಿಸಿನೀರು ಕುಡಿ ಎಂದು ಹೇಳಿ ಇಟ್ಟಿದ್ದಳು. ನಾಲ್ಕು ನಿಮಿಷ ಆಗಿತ್ತು. ನಾಲ್ಕು ನಿಮಿಷಕ್ಕಿಂತ ಕಡಿಮೆ ಮಾಡಿದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು, ಅದಕ್ಕೇ ನಾಲ್ಕು.

ಉಗ್ರಾಣಕ್ಕೆ ಬೀಗ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಎರಡು ದೊಡ್ಡ ಮೇಜುಗಳ ತುಂಬ ಹಳದಿಯಾದ ನಕ್ಷೆಗಳು, ಒಂದು ಸ್ಕ್ಯಾನಿಂಗ್ ಯಂತ್ರ, ಕಿಟಕಿಯ ಬಳಿ ಆ ಫೋನು. ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹೊರಗುತ್ತಿಗೆಯಲ್ಲಿ ಬಂದಿದ್ದ ಹೆಂಗಸು ಎದ್ದು ನಿಂತಳು. ನಲವತ್ತು ದಾಟಿದ್ದರೂ ಕ್ಯಾಂಟೀನಿನಲ್ಲಿ ಎಲ್ಲರೂ ಆಕೆಯನ್ನು ಸ್ಕ್ಯಾನಿಂಗ್ ಹುಡುಗಿ ಎನ್ನುತ್ತಿದ್ದರು.

"ಬನ್ನಿ ಎಕ್ಸ್‌ಚೇಂಜಮ್ಮ, ನೀವು ಇಷ್ಟು ಮೇಲೆ ಹತ್ತಿ ಬಂದ್ರಾ! ಕೂತ್ಕೊಳ್ಳಿ, ನೀರು ಕೊಡ್ತೀನಿ. ಎಷ್ಟು ಬೆವ್ತಿದೀರಾ."

"ನೀವು ಇಲ್ಲಿಗೆ ಯಾವಾಗ ಬಂದ್ರಿ? ನಂಗೆ ಯಾರೂ ಹೇಳೇ ಇಲ್ಲ."

"ಮೂರು ವಾರ ಆಯ್ತು. ಕೆಳಗೆ ಪೈಪ್ ಒಡೆದು ನಕ್ಷೆ ಎಲ್ಲ ಒದ್ದೆ ಆಗ್ತಿತ್ತು, ಬೀಗ ಒಡೆದು ಇಲ್ಲಿಗೆ ಕಳ್ಸಿದ್ರು. ಫೋನ್ ಇದ್ದೇ ಇತ್ತಲ್ಲ, ಅದಕ್ಕೇ ನಿಮ್ಮನ್ನ ಕೇಳ್ಲಿಲ್ಲ."

ಫೋನ್ ಇದ್ದೇ ಇತ್ತು. ಅಷ್ಟು ಸರಳ. ಅವಳು ನೀರು ಕುಡಿದು, ತಾಳೆಪಟ್ಟಿಯನ್ನು ಮಡಿಲಲ್ಲಿ ಬಿಡಿಸಿಕೊಂಡು, ದನಿಯನ್ನು ಆದಷ್ಟು ಆಫೀಸಿನ ದನಿ ಮಾಡಿಕೊಂಡು, ಈ ಫೋನಿಗೆ ಹೊರಗಿನಿಂದ ದಿನಾ ಒಂದು ಕರೆ ಬರುತ್ತಲ್ಲ, ಅದು ಯಾರದ್ದು ಎಂದು ಕೇಳಿದಳು.

ಸ್ಕ್ಯಾನಿಂಗ್ ಹುಡುಗಿಯ ಮುಖ ಬಾಡಿತು. "ತಪ್ಪಾಯ್ತಾ? ನಾನು ಮಾಡಿದ್ದಲ್ಲ ಮೇಡಂ, ಅವ್ರೇ ಮಾಡೋದು. ಮೊದಲ್ನೇ ದಿನ ಎತ್ತಿ ಹಲೋ ಅಂದೆ. ಆ ಕಡೆ ಒಂದು ಹೆಂಗಸು, ಅಯ್ಯೋ ಎತ್ತಿಬಿಟ್ರಲ್ಲ ಅಂತ ಹೆದರ್ಕೊಂಡ್ರು. ಹೆದರಿಕೆ ಯಾಕೆ ಅಂತ ನಾನು ನಕ್ಕೆ. ನನ್ನ ತಂಗಿ ಇದೇ ಕಂಪನೀಲಿ ಕೆಲ್ಸ ಮಾಡ್ತಾಳೆ, ಇದು ಅವ್ಳು ಕೊಟ್ಟ ನಂಬರು ಅಂದ್ರು. ಹೆಸರು ಹೇಳಿ, ಹುಡುಕಿ ಕೊಡ್ತೀನಿ, ನಮ್ಮ ಎಕ್ಸ್‌ಚೇಂಜಮ್ಮನಿಗೆ ಎಲ್ಲರ ನಂಬರೂ ಬಾಯಿಪಾಠ ಅಂದೆ. ಬೇಡ್ವೇ ಬೇಡ ಅಂದ್ರು. ಹೆಸರು ಹೇಳಿದ್ರೆ ಅವ್ಳಿಗೆ ತೊಂದ್ರೆ ಆಗತ್ತಂತೆ."

"ತಂಗಿ ಎತ್ತಲ್ಲ ಅಂತ ಗೊತ್ತಿದ್ದೂ ಮಾಡ್ತಿದ್ರಾ?" ಪ್ರಶ್ನೆ ಬಾಯಿಂದ ಹೊರಬಿದ್ದಾಗ ಅವಳಿಗೇ ಗಾಬರಿಯಾಯಿತು.

"ನಾನೂ ಅದನ್ನೇ ಕೇಳ್ದೆ. ಮೂರನೇ ದಿನಕ್ಕೇ ಗೊತ್ತಾಗಿತ್ತಂತೆ, ಇದು ಯಾರೂ ಇಲ್ಲದ ಕಡೆ ರಿಂಗ್ ಆಗೋ ಫೋನು ಅಂತ. ಎತ್ತದಿದ್ರೆ ಏನಂತೆ, ಅವ್ಳಿರೋ ಕಟ್ಟಡದಲ್ಲೇ ತಾನೇ ರಿಂಗ್ ಆಗೋದು, ಅಷ್ಟು ಸಾಕು ಅಂದ್ರು." ಆಕೆ ಒಂದು ನಕ್ಷೆಯ ಅಂಚನ್ನು ನೇವರಿಸಿ ಸಪಾಟು ಮಾಡಿದಳು. "ಎಂಥ ತಂಗಿಯೋ! ಮಾತಾಡ್ಬಾರ್ದು, ಅವ್ರವ್ರ ಮನೆ ವಿಷ್ಯ. ಆದ್ರೂ ಮೇಡಂ, ಆಪರೇಷನ್‌ಗೆ ಸಹಿ ಹಾಕೋಕೂ ಒಬ್ರಿಲ್ಲ ಅಂದ್ರೆ."

ಯಂತ್ರದ ಒಳಗೆ ಏನೋ ಚುರುಗುಟ್ಟಿ ನಿಂತಿತು. ಅವಳು ಖಾಲಿ ಲೋಟವನ್ನು ಮತ್ತೆ ತುಟಿಗೆ ಹಚ್ಚಿದಳು. ಆಕೆ ಹೇಳುತ್ತಲೇ ಇದ್ದಳು. ಗಂಟು ತೆಗೆಯಬೇಕು ಎಂದಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಜೊತೆಗೆ ಯಾರು ಬರುತ್ತಾರೆ ಎಂದು ಆಕೆ ಕೇಳಿದಳಂತೆ. ಒಬ್ಬಳೇ ಹೋಗಿ ಬರ್ತೀನಿ, ನನಗೇನು ಚಿಕ್ಕ ವಯಸ್ಸಾ ಎಂದಳಂತೆ ಅಕ್ಕ. ಕಳೆದ ಬುಧವಾರ ಆಕೆ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಮುಖ ನೋಡಿರಲಿಲ್ಲವಲ್ಲ, ಹೇಗೆ ಗುರುತು ಹಿಡಿಯುವುದು ಎಂದರೆ, ಹಾಸಿಗೆಯ ಮೇಲೆ ಕೂತು ಪಕ್ಕದವರ ಅಂಗಿಗೆ ಗುಂಡಿ ಹಚ್ಚಿಕೊಡುತ್ತಿದ್ದರು, ಅವರೇ ಅಂತ ಗೊತ್ತಾಯಿತು. "ಅರ್ಜೀಲಿ ಸಂಬಂಧ ಅಂತ ಒಂದು ಕಡೆ ಇತ್ತು. ಪೆನ್ನು ಹಿಡ್ಕೊಂಡು ಅವ್ರ ಮುಖ ನೋಡ್ದೆ, ಅವ್ರು ನನ್ನ ಮುಖ ನೋಡಿದ್ರು. ತಂಗಿ ಅಂತ ಬರ್ದೆ. ಸುಳ್ಳು ಬರೆದದ್ದು ತಪ್ಪೇ."

"ತಪ್ಪಲ್ಲ" ಎಂದಳು ಅವಳು. ಈಗ ಹೇಳಬೇಕು. ಈಗ, ಈ ಸ್ಟೂಲಿನ ಮೇಲೆ ಕೂತೇ, ಆ ತಂಗಿ ನಾನು ಎಂದರೆ ಮೂರೇ ಶಬ್ದ. ಇಪ್ಪತ್ತಾರು ವರ್ಷ ಬೇರೆಯವರ ಮಾತು ಜೋಡಿಸಿದ ನಾಲಿಗೆಗೆ ಮೂರು ಶಬ್ದ ಭಾರವಾಯಿತು. ಆಕೆಯ ಕಣ್ಣಿನಲ್ಲಿ ತನ್ನ ಬಗ್ಗೆ ಇದ್ದ ಗೌರವ, ಎಲ್ಲರ ನಂಬರೂ ಬಾಯಿಪಾಠ ಎಂಬ ಗೌರವ, ಅದು ಜಾರುವುದನ್ನು ಕೂತು ನೋಡುವ ಧೈರ್ಯ ಬರಲಿಲ್ಲ. ಆಪರೇಷನ್ ಆಯ್ತಲ್ಲ, ಈಗ ಹೇಗಿದ್ದಾರೆ ಎಂದಷ್ಟೇ ಕೇಳಿದಳು, ಯಾರದೋ ವಿಷಯ ಕೇಳುವ ಹಾಗೆ.

"ತೆಗೆದ ಗಂಟನ್ನ ಪರೀಕ್ಷೆಗೆ ಕಳ್ಸಿದಾರೆ. ರಿಪೋರ್ಟು ಇವತ್ತು ಬೆಳಿಗ್ಗೆ ಕೊಡ್ತಾರಂತೆ. ಹನ್ನೊಂದೂ ಹತ್ತಕ್ಕೆ ಫೋನ್ ಮಾಡಿ ಹೇಳ್ತೀನಿ ಅಂದಿದಾರೆ. ರಾತ್ರಿಯಿಂದ ನಂಗೆ ನಿದ್ದೆ ಇಲ್ಲ." ಅವಳು ಎದ್ದು ಬಾಗಿಲ ಹತ್ತಿರ ಹೋದಾಗ ಆಕೆ ಹಿಂದೆಯೇ ಬಂದಳು. "ಮೇಡಂ, ಏನಾದ್ರೂ ಸರಿಮಾಡೋದಿದ್ರೆ ನಾಳೆ ಮಾಡಿ. ಇವತ್ತೊಂದಿನ ಲೈನ್ ಕೆಡಿಸ್ಬೇಡಿ."

ಇಳಿಯುವಾಗ ಮೆಟ್ಟಿಲು ಎಣಿಸಲಿಲ್ಲ, ಒದ್ದೆ ನೆಲದ ಮೇಲೆ ಕಾಲು ಜಾರಿ ಮೊಣಕೈ ಗೋಡೆಗೆ ಬಡಿಯಿತು. ಹನ್ನೊಂದೂ ಮೂರು. ತನ್ನ ಕೋಣೆಯ ಬಾಗಿಲು ಹಾಕಿ, ಆ ಸಾಲನ್ನು ಪರದೆಯ ಮೇಲೆ ತಂದು, ಮುನ್ನೂರ ನಲವತ್ತನ್ನು ಅಳಿಸಿದಳು. ಆ ಜಾಗದಲ್ಲಿ ತನ್ನ ಎಕ್ಸ್‌ಟೆನ್ಷನ್, ನೂರಾ ಒಂದು. ಒಂಬತ್ತು ತಿಂಗಳು ಮುಂದೂಡಿದ ಕೆಲಸಕ್ಕೆ ಹನ್ನೆರಡು ಸೆಕೆಂಡು ಸಾಕಾಯಿತು. ಮೇಲೆ ಒಬ್ಬಳು ಫೋನಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾಳೆ, ಲೈನ್ ಕೆಡಿಸಬೇಡಿ ಎಂದು ಕೈಮುಗಿಯುವ ಹಾಗೆ ಕೇಳಿದ್ದಾಳೆ. ಇರಲಿ. ಅಕ್ಕ ನನ್ನವಳು. ಅಕ್ಕ, ನಾನು ಬರ್ತೀನಿ, ಇವತ್ತೇ ರಜೆ ಹಾಕಿ ಬರ್ತೀನಿ, ನಮ್ಮನೆಗೆ ಬಾ, ಪೇಪರು ಓದುವವರು ಓದಿಕೊಳ್ಳಲಿ. ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡಳು. ಹನ್ನೊಂದೂ ಎಂಟು. ಸೂಪರ್‌ವೈಸರು ಬಾಗಿಲು ತಟ್ಟಿ, "ಆಯ್ತಾ ಮೇಡಂ?" ಎಂದರು. ಆಗ್ತಿದೆ ಸಾರ್ ಎಂದಳು. ರಿಪೋರ್ಟು ಕೆಟ್ಟದಾಗಿದ್ದರೆ ಎಂಬ ಯೋಚನೆ ಅಷ್ಟು ಹೊತ್ತಿನವರೆಗೆ ಬಂದಿರಲಿಲ್ಲ, ಈಗ ಬಂತು. ಹನ್ನೊಂದೂ ಹತ್ತು. ಏನೂ ಇಲ್ಲ. ಹನ್ನೊಂದೂ ಹನ್ನೊಂದು. ಎಲ್ಲಿಗೋ ತಪ್ಪಿ ಹೊಂದಿಸಿದೆನೇ ಎಂದು ಎಡಬಲದ ಅಂಕಿಗಳನ್ನು ಬೆರಳಿಟ್ಟು ಓದುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಹಲೋ."

ಆ ಕಡೆ ರಸ್ತೆಯ ಸದ್ದು, ಒಂದು ವಾಹನದ ಹಾರ್ನು. ಆಸ್ಪತ್ರೆಯ ಹೊರಗೆ ನಿಂತು ಮಾಡುತ್ತಿರಬೇಕು.

"ಅಕ್ಕಾ, ನಾನು."

"ನೀನಾ?" ಎಂದಳು ಅಕ್ಕ. ಆಮೇಲೆ, "ತಿಂಡಿ ತಿಂದ್ಯಾ?"

ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಸಿಗಲಿಲ್ಲ. "ತಿಂದೆ" ಎಂದಳು. "ಅಕ್ಕಾ, ರಿಪೋರ್ಟು ಏನು ಬಂತು?"

"ನಿಂಗ್ಯಾರು ಹೇಳಿದ್ರು?" ಅಕ್ಕನ ದನಿಯಲ್ಲಿ ಸಿಟ್ಟು ಇರಲಿಲ್ಲ, ಆತಂಕ ಇತ್ತು. "ಅವ್ರೇನಾದ್ರೂ ಹೇಳಿದ್ರಾ? ಅವ್ರಿಗೆ ಏನೂ ಅನ್ಬೇಡ ಕಣೇ, ಪಾಪ, ನಾನೇ ಮೇಲೆ ಬಿದ್ದು ಮಾತಾಡ್ಸಿದ್ದು. ನಿಂಗೆ ಕೆಲ್ಸದಲ್ಲಿ ತೊಂದ್ರೆ ಆಯ್ತಾ?"

"ಇಲ್ಲಕ್ಕ. ಏನೂ ಆಗಿಲ್ಲ. ರಿಪೋರ್ಟು ಹೇಳು."

ಮತ್ತೆ ರಸ್ತೆಯ ಸದ್ದು. ಕಾಗದ ಮಡಿಸುವ ಸದ್ದು ಕೇಳಿತೋ, ಕೇಳಿದ ಹಾಗಾಯಿತೋ. "ನಿಂಗೆ ಆಮೇಲೆ ಹೇಳ್ತೀನಿ" ಎಂದಳು ಅಕ್ಕ, ಬಹಳ ಮೆತ್ತಗೆ, ಜ್ವರದ ಮಗುವಿನ ಹತ್ತಿರ ಮಾತಾಡುವ ಹಾಗೆ. "ಮೊದ್ಲು ಅವ್ರಿಗೇ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಕಾಯ್ತಿರ್ತಾರೆ. ಸ್ವಲ್ಪ ಅವ್ರಿಗೆ ಕೊಡ್ತೀಯಾ?"

ಅವಳ ಬಾಯಿಂದ ಇಪ್ಪತ್ತಾರು ವರ್ಷದ ಅಭ್ಯಾಸವೇ ಮಾತಾಡಿತು. "ಒಂದ್ನಿಮಿಷ, ಲೈನಲ್ಲಿರಿ, ಕೊಡ್ತೀನಿ" ಎಂದಳು. ಅಕ್ಕನಿಗೆ ಬಹುವಚನ ಬಳಸಿದ್ದು ಬೆರಳು ಮುನ್ನೂರ ನಲವತ್ತನ್ನು ಒತ್ತಿದ ಮೇಲೆ ಗೊತ್ತಾಯಿತು. ಮೇಲೆ ಅರ್ಧ ರಿಂಗಿಗೇ ಎತ್ತಿದರು. "ಅಕ್ಕಾ! ಏನಂದ್ರು?" ಎಂದಿತು ಸ್ಕ್ಯಾನಿಂಗ್ ಹುಡುಗಿಯ ದನಿ, ಉಸಿರುಗಟ್ಟಿದಂತೆ. ಎರಡು ಕಡೆಯವರು ಸೇರಿದ ಮೇಲೆ ನಡುವಿನವರು ಸರಿದುಬಿಡಬೇಕು, ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಅದನ್ನು ಅವಳು ಎಷ್ಟೋ ಸಲ ಮುರಿದಿದ್ದಳು, ಯಾರ್ಯಾರದೋ ಜಗಳ, ಯಾರ್ಯಾರದೋ ಪ್ರೇಮ ಕದ್ದು ಕೇಳಿದ್ದಳು. ಇವತ್ತು ಕೇಳಲು ಒಂದು ಬಟನ್ನು ಹಿಡಿದಿಟ್ಟರೆ ಸಾಕಿತ್ತು. ಬೆರಳು ಅಲ್ಲೇ ಇತ್ತು. ತೆಗೆದಳು.

ಪರದೆಯ ಮೇಲೆ ಆ ಕರೆಯ ನಿಮಿಷಗಳು ಏರತೊಡಗಿದವು. ಎರಡು. ಮೂರು. ಒಳ್ಳೆಯ ಸುದ್ದಿಯಾದರೆ ಇಷ್ಟು ಹೊತ್ತು ಬೇಕೇ, ಕೆಟ್ಟದ್ದಾದರೆ ಇಷ್ಟು ಸಾಕೇ, ಅವಳಿಗೆ ತಿಳಿಯಲಿಲ್ಲ. ನಾಲ್ಕು ದಾಟಿತು. ಆ ಸಾಲಿನಲ್ಲಿ ತನ್ನ ನೂರಾ ಒಂದನ್ನು ಅಳಿಸಿ ಮತ್ತೆ ಮುನ್ನೂರ ನಲವತ್ತು ಬರೆದಳು. ತಾಳೆಪಟ್ಟಿ ಎಳೆದುಕೊಂಡು ಹೊರಗಿನ ನಂಬರು ಬರೆದಳು, ಒಳಗಿನ ನಂಬರು ಬರೆದಳು, ಕೋಣೆ ಎಂಬಲ್ಲಿ ನಕ್ಷೆಗಳ ಉಗ್ರಾಣ ಎಂದು ಬರೆದಳು. ಕೊನೆಯ ಅಂಕಣದಲ್ಲಿ, ಫೋನು ಎತ್ತುವವರು ಎಂಬಲ್ಲಿ, ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸೂಪರ್‌ವೈಸರು ಮತ್ತೆ ಬಾಗಿಲು ತಟ್ಟುತ್ತಿದ್ದರು. ತಂಗಿ ಎಂದು ಬರೆದು, ಬಾಗಿಲು ತೆರೆದು, ಹಾಳೆಯನ್ನು ಅವರ ಕೈಗೆ ಕೊಟ್ಟಳು.

ಅವರು ಓದಿ ತಲೆಯೆತ್ತಿದರು. "ತಂಗಿ ಅಂದ್ರೆ? ಯಾರ ತಂಗಿ ಮೇಡಂ?"